ಕ್ರ್ಯಾನ್‌ಬೆರಿ ಎರೆದ ಸಂಕ್ರಾಂತಿ

ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ನಾವು ಮೊದಲು ಬಾಡಿಗೆಗಿದ್ದ ಅಪಾರ್ಟ್‌ಮೆಂಟು ಕೆಂಪು ಇಟ್ಟಿಗೆಯ ಕಟ್ಟಡವೊಂದರ ಮೇಲ್ಮಹಡಿಯಲ್ಲಿತ್ತು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಆ ಮನೆಯನ್ನು ನೆನೆದರೆ ಗೋಡೆ ಬಾಗಿಲುಗಳಿಗಿಂತ ಮೊದಲು ಕಣ್ಣಿಗೆ ಬರುವುದು ಬಿಸಿಲು. ಚಳಿಗಾಲದಲ್ಲಿ ಸೂರ್ಯ ಎಷ್ಟು ತಗ್ಗಿನಲ್ಲಿರುತ್ತಿದ್ದನೆಂದರೆ, ಮಧ್ಯಾಹ್ನದ ಬೆಳಕು ದಕ್ಷಿಣದ ಕಿಟಕಿಯಿಂದ ತೂರಿ, ಕಾರ್ಪೆಟ್ಟಿನ ಉದ್ದಕ್ಕೂ ಹಾಸಿಕೊಂಡು, ಎದುರಿನ ಸೋಫಾದ ಕಾಲಿನ ತನಕ ಬರುತ್ತಿತ್ತು. ಹೊರಗೆ ಹಿಮ, ಒಳಗೆ ರೇಡಿಯೇಟರಿನ ಸಣ್ಣ ಸಿಳ್ಳು, ನಡುವೆ ಆ ಬೆಳಕಿನಲ್ಲಿ ತೇಲುವ ಧೂಳಿನ ಕಣಗಳು. ಅದನ್ನೇ ನೋಡುತ್ತ ಕುಳಿತರೆ ನಾನು ಯಾವ ಊರಿನಲ್ಲಿದ್ದೇನೆ ಅನ್ನುವುದೇ ಮರೆತುಹೋಗುತ್ತಿತ್ತು.

ಮದುವೆಗೆ ಮುಂಚೆ ನಾನು ಮೈಸೂರಿನ ಒಂದು ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದೆ. ಪಾಠವೆಂದರೆ ಕಥೆ, ಹಾಡು, ಹುಣಸೆಬೀಜ ಎಣಿಸುವುದು. ಅಮೆರಿಕಕ್ಕೆ ಬಂದಮೇಲೆ ಅದೆಲ್ಲ ನಿಂತಿತ್ತು. ಗಂಡ ಬೆಳಿಗ್ಗೆ ಇದ್ದೊಂದು ಕಾರನ್ನು ತೆಗೆದುಕೊಂಡು ಲ್ಯಾಬಿಗೆ ಹೊರಟರೆ ನಾನೂ ನಾಲ್ಕು ವರ್ಷದ ಮಗನೂ ಮನೆಯಲ್ಲಿ. ಅವನು ನರ್ಸರಿಗೆ ಸೇರಿದ ಮೇಲೆ ನಾನೊಬ್ಬಳೇ.

ಆ ಅಕ್ಟೋಬರಿನಲ್ಲಿ, ಮಕ್ಕಳು ದೆವ್ವದ ವೇಷ ಹಾಕುವ ಇಲ್ಲಿನ ಹಬ್ಬದ ಪಾರ್ಟಿಗೆಂದು ಮಗ ಹಳೆಯ ಬೆಡ್‌ಶೀಟಿಗೆ ಎರಡು ತೂತು ಮಾಡಿಸಿಕೊಂಡು ದೆವ್ವವಾಗಿ ನರ್ಸರಿಗೆ ಹೋಗಿ, ಚಾಕೊಲೇಟು ತುಂಬಿದ ಚೀಲದೊಂದಿಗೆ ವಾಪಸು ಬಂದ. ಬೂಟು ಬಿಚ್ಚುತ್ತ ಕೇಳಿದ: "ಮಮ್ಮೀ, ವೆನ್ ಈಸ್ ಅವರ್ ಪಾರ್ಟಿ?"

"ಯಾವ ಪಾರ್ಟಿ ಮರಿ?"

"ಅವರ್ಸ್!" ಎಂದ, ಇಷ್ಟೂ ಗೊತ್ತಿಲ್ಲವೇ ಅನ್ನುವ ಹಾಗೆ.

ಮನೆಯಲ್ಲಿ ದೇವರ ಗೂಡಿತ್ತು, ಹಬ್ಬದ ದಿನ ಪಾಯಸವೂ ಆಗುತ್ತಿತ್ತು. ಆದರೆ ನಾಲ್ಕು ವರ್ಷದ ಹುಡುಗ ಕೈಹಾಕಿ ಆಡುವಂಥದ್ದು ಏನೂ ಇರಲಿಲ್ಲ. ಅವತ್ತು ಸಂಜೆಯೇ ಪಕ್ಕದ ಕಟ್ಟಡದಲ್ಲಿದ್ದ ನನ್ನ ಗೆಳತಿಯ ಹತ್ತಿರ ಹೋಗಿ, ನಮ್ಮ ಮಕ್ಕಳಿಗಾಗಿ ನಾವೇ ಹಬ್ಬದ ಪಾರ್ಟಿ ಮಾಡೋಣ ಎಂದೆ.

ಗೆಳತಿ ಧಾರವಾಡದವಳು, ಮಕ್ಕಳ ಡಾಕ್ಟರು. ನ್ಯೂ ಬ್ರನ್ಸ್‌ವಿಕ್‌ನ ಆಸ್ಪತ್ರೆಯೊಂದರಲ್ಲಿ ರೆಸಿಡೆನ್ಸಿ ತರಬೇತಿಯಲ್ಲಿದ್ದಳು. ಅವಳ ಮಗಳು ಐದು ವರ್ಷದವಳು. ಹಸುಗೂಸಾಗಿದ್ದಾಗಲೇ ಮಗುವನ್ನು ಧಾರವಾಡದ ತಾಯಿಯ ಮನೆಯಲ್ಲಿ ಬಿಟ್ಟು ಗಂಡ ಹೆಂಡತಿ ಇಲ್ಲಿಗೆ ಬಂದಿದ್ದರು. ಎರಡು ವರ್ಷ ಅಂದುಕೊಂಡಿದ್ದು ಹೇಗೋ ಉದ್ದವಾಗಿ, ಆ ಸೆಪ್ಟೆಂಬರಿನಲ್ಲಷ್ಟೇ ಹುಡುಗಿಯ ಸೋದರಮಾವ ಅವಳನ್ನು ಕರೆತಂದು ಬಿಟ್ಟುಹೋಗಿದ್ದ. ಎರಡು ಜಡೆ, ಅಜ್ಜಿ ಹೊಲಿಸಿಕೊಟ್ಟ ಉದ್ದನೆಯ ಲಂಗ, ದೊಡ್ಡ ಕಣ್ಣು. ಧಾರವಾಡದ ಕನ್ನಡ ಬಿಟ್ಟು ಬೇರೇನೂ ಬರದು. ಅಜ್ಜಿಯನ್ನು ಮನೆಯವರೆಲ್ಲ 'ಅವ್ವ' ಅನ್ನುತ್ತಿದ್ದುದರಿಂದ ಅವಳಿಗೂ ಅಜ್ಜಿಯೇ ಅವ್ವ. ಹೆತ್ತ ತಾಯಿಯನ್ನು 'ಆಂಟಿ' ಅನ್ನುತ್ತಿದ್ದಳು. ಇಲ್ಲಿ ಸೀರೆಯುಟ್ಟವರನ್ನೆಲ್ಲ ಹಾಗನ್ನಬೇಕೆಂದು ಯಾರೋ ಹೇಳಿಕೊಟ್ಟಿದ್ದರು.

ಗೆಳತಿಗೆ ಡ್ಯೂಟಿ ಇದ್ದ ದಿನ ಹುಡುಗಿ ಕಿಂಡರ್‌ಗಾರ್ಟನ್ ಮುಗಿಸಿ ನಮ್ಮ ಮನೆಯಲ್ಲೇ ಇರುತ್ತಿದ್ದಳು. ಬಿಸಿಲು ಬಿದ್ದಲ್ಲಿ ಕಾರ್ಪೆಟ್ಟಿನ ಮೇಲೆ ಕೂತು, ಬಿಸಿಲು ಸರಿದಂತೆ ತಾನೂ ಸರಿಯುತ್ತಿದ್ದಳು. ಸಂಜೆ ಬೆಲ್ ಆದರೆ ಕಿಟಕಿಯಿಂದ ಇಣುಕಿ ನನಗೆ ಹೇಳುತ್ತಿದ್ದಳು: "ಆಂಟಿ ಬಂದ್ರು ನೋಡ್ರಿ."

ಗೆಳತಿ ಒಂದು ಸಲ ನನ್ನ ಅಡುಗೆಮನೆಯಲ್ಲಿ ಕಾಫಿ ಲೋಟ ಹಿಡಿದುಕೊಂಡು ಹೇಳಿದಳು: "ಅಕ್ಕಾರ, ವಾರ್ಡಿನಾಗ ಯಾರ್‍ಯಾರದೋ ಹುಡುಗ್ರು ನನ್ನ ಕೊಳ್ಳಿಗೆ ಜೋತು ಬೀಳ್ತಾವು. ನನ್ನ ಕೂಸು ನೋಡಿದ್ರ ನನಗ 'ನೀರು ಕೊಡ್ರಿ' ಅಂತೈತಿ. 'ರಿ' ಅಂತೈತ್ರಿ, ಅಕ್ಕಾರ."

ಕಾಫಿ ಆರುತ್ತದೆ ಕುಡಿಯಿರಿ ಎಂದೆ.

ಪಾರ್ಟಿಯ ಮಾತು ಎತ್ತಿದಾಗ ಅವಳೇ ಹೆಚ್ಚು ಉತ್ಸಾಹ ತೋರಿಸಿದಳು. ಮಗಳು ನಾಲ್ಕು ಮಕ್ಕಳ ಜೊತೆ ಬೆರೆತಾಳು ಎಂಬ ಆಸೆ. ದೀಪಾವಳಿಗೆ ಮೊದಲ ಪಾರ್ಟಿ ಇಟ್ಟೆವು. ಸಮರ್‌ಸೆಟ್ಟಿನಿಂದ ಒಂದು ಸಂಸಾರ, ನಮ್ಮ ಕಾಂಪ್ಲೆಕ್ಸಿನಲ್ಲೇ ಇದ್ದ ಇನ್ನಿಬ್ಬರು, ಒಟ್ಟು ಏಳೆಂಟು ಮಕ್ಕಳು. ನಾನು ಶಿಶುವಿಹಾರದ ಟೀಚರಮ್ಮನಾಗಿ ಎದ್ದುನಿಂತು ನರಕಾಸುರನ ಕಥೆ ಶುರುಮಾಡಿದೆ. ಕನ್ನಡದಲ್ಲಿ ಹೇಳಿದರೆ ಅರ್ಧ ಮಕ್ಕಳಿಗೆ ಅರ್ಥವಾಗಲಿಲ್ಲ, ಇಂಗ್ಲಿಷಿನಲ್ಲಿ ಹೇಳಿದರೆ ಧಾರವಾಡದ ಹುಡುಗಿಗೆ ಅರ್ಥವಾಗಲಿಲ್ಲ. ಅಸುರ ಸಾಯುವ ಮೊದಲೇ ಮಕ್ಕಳೆಲ್ಲ ಎದ್ದು ಸೋಫಾದಿಂದ ನೆಲಕ್ಕೆ, ನೆಲದಿಂದ ಸೋಫಾಕ್ಕೆ ಹಾರತೊಡಗಿದರು. ಮನೆಯೇ ನಡುಗುತ್ತಿತ್ತು.

ಆಗ ಬಾಗಿಲು ತಟ್ಟಿದ ಸದ್ದು. ಕೆಳಗಿನ ಮನೆಯ ಅಮೆರಿಕನ್ ಅಜ್ಜಿ ನಿಂತಿದ್ದರು. ಬೆಳ್ಳಗಿನ ಗಿಡ್ಡ ಕೂದಲು, ಹೆಣೆದ ನೀಲಿ ಸ್ವೆಟರು. ಮೆಟ್ಟಿಲ ಮೇಲೆ ಕಂಡಾಗ ತಲೆಯಾಡಿಸುವುದಷ್ಟೇ ನಮ್ಮ ಪರಿಚಯವಾಗಿತ್ತು. ಸದ್ದಿನ ದೂರು ತಂದಿದ್ದಾರೆಂದುಕೊಂಡೆ. ಅವರು ನನ್ನ ಭುಜದಾಚೆ ಒಳಗೆ ನೋಡಿ, ದೀಪ, ರಂಗೋಲಿ, ಹಾರುತ್ತಿದ್ದ ಮಕ್ಕಳು ಎಲ್ಲದರ ಮೇಲೂ ಒಮ್ಮೆ ಕಣ್ಣಾಡಿಸಿದರು.

"ಮಕ್ಕಳ ಕೈಗೆ ಏನಾದರೂ ಕೊಟ್ಟಿದ್ದೀಯಾ?" ಎಂದು ಕೇಳಿದರು.

"ಕಥೆ ಹೇಳುತ್ತಿದ್ದೆ."

"ಕಥೆ ಕಿವಿಗಾಯಿತು. ಕೈಗೆ?"

ಹತ್ತು ನಿಮಿಷದಲ್ಲಿ ಅವರು ಕೆಳಗಿನಿಂದ ಒಂದು ಡಬ್ಬಿ ತುಂಬ ಹಿಟ್ಟಿನ ಮುದ್ದೆ ತಂದರು. ಮೈದಾ, ಉಪ್ಪು, ನೀರು ಸೇರಿಸಿ ನಾದಿದ್ದು. ನಾನು ಹಣತೆ ಮಾಡಿ ತೋರಿಸಿದೆ, ಮಕ್ಕಳು ಸುತ್ತ ಕೂತು ಮಾಡಿದರು. ಸೊಟ್ಟ ಹಣತೆ, ಮೂಗಿರುವ ಹಣತೆ, ನನ್ನ ಮಗನದು ಹಣತೆಯಲ್ಲ ಟ್ರಕ್ಕು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ರೇಡಿಯೇಟರಿನ ಸದ್ದು ಕೇಳಿಸಿತು. ಆ ಅಜ್ಜಿ ಬಹಳ ವರ್ಷ ಕಿಂಡರ್‌ಗಾರ್ಟನ್ ಟೀಚರಾಗಿದ್ದವರೆಂದು ಅವತ್ತು ತಿಳಿಯಿತು. ಹೋಗುವಾಗ, "ಮುಂದಿನದು ಯಾವ ಹಬ್ಬ?" ಎಂದು ಕೇಳಿದರು.

ಮುಂದಿನದು ಸಂಕ್ರಾಂತಿ. ಡಿಸೆಂಬರಿನ ಮಧ್ಯಾಹ್ನಗಳಲ್ಲಿ ಅವರು ಮೇಲೆ ಬಂದು ನನ್ನ ಅಡುಗೆಮನೆಯ ಮೇಜಿನ ಮುಂದೆ ಕೂರುತ್ತಿದ್ದರು. ನಾನು ಟೀ ಮಾಡುತ್ತಿದ್ದೆ. ಸಂಕ್ರಾಂತಿ ಎಂದರೇನು ಎಂದರು. ಸೂರ್ಯ ದಾರಿ ಬದಲಿಸಿ ಉತ್ತರಕ್ಕೆ ತಿರುಗುವ ದಿನ ಎಂದೆ.

"ಹಾಗಾದರೆ ಮಕ್ಕಳು ಅದನ್ನು ಕಣ್ಣಾರೆ ನೋಡಬೇಕು," ಎಂದರು.

ಅವರ ಮಾತಿನಂತೆ ಪ್ರತಿ ಭಾನುವಾರ ಮಧ್ಯಾಹ್ನ ಅದೇ ಹೊತ್ತಿಗೆ ಮಗನೂ ಆ ಹುಡುಗಿಯೂ ಕಾರ್ಪೆಟ್ಟಿನ ಮೇಲೆ ಬಿಸಿಲಿನ ಅಂಚಿಗೆ ಬಣ್ಣದ ಟೇಪು ಅಂಟಿಸತೊಡಗಿದರು. ಕ್ರಿಸ್‌ಮಸ್ ಸುಮಾರಿಗೆ ಬಿಸಿಲು ಸೋಫಾದ ಕಾಲು ಮುಟ್ಟಿತ್ತು. ಆಮೇಲೆ ಒಂದೊಂದೇ ಬೆರಳು ಹಿಂದೆ ಸರಿಯಿತು. "ಸೂರ್ಯ ಡಿಸೆಂಬರಿನಲ್ಲೇ ತಿರುಗಿಬಿಟ್ಟನಲ್ಲ, ನಿಮ್ಮ ಹಬ್ಬ ಜನವರಿಯಲ್ಲಿ ಯಾಕೆ?" ಎಂದು ಅಜ್ಜಿ ಕೇಳಿದರು. ನನ್ನ ಗಂಡ ಒಂದು ಕಿತ್ತಳೆಗೆ ಹೆಣಿಗೆಯ ಕಡ್ಡಿ ಚುಚ್ಚಿ, ಭೂಮಿ ಬುಗುರಿಯ ಹಾಗೆ ಓಲಾಡುವುದನ್ನು ತೋರಿಸಿ, ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು, ಸಾವಿರಕ್ಕೂ ಹೆಚ್ಚು ವರ್ಷಗಳಲ್ಲಿ ಮೆಲ್ಲಗೆ ದೂರವಾದವು ಎಂದು ವಿವರಿಸಿದರು. ಅಜ್ಜಿ ಕಿತ್ತಳೆ ಸುಲಿದು ಮಕ್ಕಳಿಗೆ ಹಂಚಿದರು.

ಸಾಮಾನು ಹೊಂದಿಸುವುದೇ ಒಂದು ಕನಸಿನ ಓಡಾಟದಂತಿತ್ತು. ಎಳ್ಳು, ಹುರಿಗಡಲೆಗೆ ನ್ಯೂಯಾರ್ಕಿನ ಇಂಡಿಯನ್ ಅಂಗಡಿಗೆ ಹೋದೆವು. ಆದರೆ ಕಬ್ಬು ಸಿಕ್ಕಿದ್ದು ನ್ಯೂ ಬ್ರನ್ಸ್‌ವಿಕ್‌ನಲ್ಲೇ, ಪೋರ್ಟೊರಿಕೋದವರ ಒಂದು ಪುಟ್ಟ ಕಿರಾಣಿ ಅಂಗಡಿಯಲ್ಲಿ. ಬಾಳೆಕಾಯಿಯ ಬುಟ್ಟಿಯ ಹಿಂದೆ ಜಲ್ಲೆಗಳನ್ನು ಗೋಡೆಗೆ ಒರಗಿಸಿದ್ದರು. ಪಕ್ಕದಲ್ಲೇ ಕಂದು ಬಣ್ಣದ ಸಕ್ಕರೆಯ ಅಚ್ಚುಗಳಿದ್ದವು. ಒಂದನ್ನು ಮೂಗಿನ ಹತ್ತಿರ ತಂದೆ. ಬೆಲ್ಲ! ಹೆಸರು ಬೇರೆ, ಭಾಷೆ ಬೇರೆ, ವಾಸನೆ ಮಾತ್ರ ನಮ್ಮ ಬೆಲ್ಲದ್ದೇ. ಅಂಗಡಿಯಾಕೆ ನನ್ನ ಮುಖ ನೋಡಿ ಏನೋ ಸ್ಪ್ಯಾನಿಷಿನಲ್ಲಿ ಅಂದು ನಕ್ಕಳು, ನಾನೂ ನಕ್ಕೆ.

ಇನ್ನು ಉಳಿದದ್ದು ಎಲಚಿಹಣ್ಣು. ನಮ್ಮ ಕಡೆ ಸಂಕ್ರಾಂತಿಯ ಸಂಜೆ ಚಿಕ್ಕ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ದೃಷ್ಟಿ ತಾಗದಿರಲಿ ಎಂದು ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಬೆರೆಸಿ ತಾಯಂದಿರು ತಲೆಯ ಮೇಲೆ ಎರೆಯುತ್ತಾರೆ. ಬಿದ್ದದ್ದನ್ನು ಉಳಿದ ಮಕ್ಕಳು ಬಾಚಿಕೊಳ್ಳುತ್ತವೆ. ಅದನ್ನು ಅಜ್ಜಿಗೆ ವರ್ಣಿಸಿ, ಗೋಲಿ ಗಾತ್ರದ ಆ ಹಣ್ಣು ಇಲ್ಲಿ ಸಿಗುವುದಿಲ್ಲ ಎಂದೆ.

ಅವರು ಕೆಳಗೆ ಹೋಗಿ ಫ್ರಿಜ್ಜಿನಿಂದ ಕ್ರ್ಯಾನ್‌ಬೆರಿಯ ಚೀಲ ತಂದು ಮೇಜಿನ ಮೇಲೆ ಸುರಿದರು. ಕೆಂಪು ಮಣಿಗಳು ಉರುಳಿಕೊಂಡು ಹೋದವು. ಅವರು ಹುಟ್ಟಿ ಬೆಳೆದದ್ದು ದಕ್ಷಿಣ ಜೆರ್ಸಿಯ ಕ್ರ್ಯಾನ್‌ಬೆರಿ ತೋಟಗಳ ಹತ್ತಿರವಂತೆ. "ನಮ್ಮಪ್ಪ ಹಣ್ಣನ್ನು ಮರದ ಮೆಟ್ಟಿಲಿನ ಮೇಲೆ ಬಿಡುತ್ತಿದ್ದ. ಒಳ್ಳೆಯದು ಪುಟಿಯುತ್ತ ಇಳಿಯುತ್ತದೆ. ಕೆಟ್ಟದ್ದು ಬಿದ್ದಲ್ಲೇ ಕೂರುತ್ತದೆ," ಎಂದು ಒಂದನ್ನು ಮೇಜಿಗೆ ಹೊಡೆದು ಪುಟಿಸಿದರು. ಅದು ಸಿಂಕಿನೊಳಗೆ ಹಾರಿ ಬಿತ್ತು. ಜನವರಿಗೆ ಅಂಗಡಿಗಳಲ್ಲಿ ಸಿಗಲಿಕ್ಕಿಲ್ಲವೆಂದು ಆಗಲೇ ಇನ್ನಷ್ಟು ಚೀಲ ಕೊಂಡು ಇಟ್ಟೆವು.

ಹಬ್ಬದ ಭಾನುವಾರ ಬೆಳಗಾಗುವಷ್ಟರಲ್ಲಿ ಹಿಮ ಬಿದ್ದು ನಿಂತಿತ್ತು. ಕಾರುಗಳೆಲ್ಲ ಬಿಳಿ ಗುಡ್ಡೆಗಳು. ಸಮರ್‌ಸೆಟ್ಟಿನವರು ಬರಲಾಗುವುದಿಲ್ಲವೇನೋ ಎಂದುಕೊಂಡರೆ, ಅವರ ಕಾರು ಉಗಿಯಾಡುತ್ತ ಬಂದೇ ಬಂತು. ಗೆಳತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಅವಳ ಗಂಡ ಮಗಳನ್ನು ಹೆಗಲ ಮೇಲೆ ಹೊತ್ತು ಹಿಮದಲ್ಲಿ ನಡೆದುಕೊಂಡು ಬಂದ.

ಮೊದಲು ಮಕ್ಕಳು ಬಿಸಿಲಿನ ಅಂಚಿಗೆ ಹೊಸ ಟೇಪು ಅಂಟಿಸಿದರು. ಕ್ರಿಸ್‌ಮಸ್ಸಿನ ಗುರುತಿಗಿಂತ ಅದು ಒಂದು ಗೇಣಿಗೂ ಹೆಚ್ಚು ಹಿಂದಿತ್ತು. ಆಮೇಲೆ ಕಣ್ಣು ಮುಚ್ಚಿಕೊಂಡು ನಾಲಿಗೆಯಿಂದಲೇ ಎಳ್ಳು ಯಾವುದು, ಕೊಬ್ಬರಿ ಯಾವುದು ಎಂದು ಗುರುತಿಸುವ ಆಟ. ಕಡಲೆಬೀಜ ಎಣಿಸಿ ಪುಟ್ಟ ಚೀಲಗಳಿಗೆ ತುಂಬಿದರು. ಅಡುಗೆಮನೆಯಲ್ಲಿ ಒಂದು ಟಬ್ಬಿಗೆ ನೀರು ಹಾಕಿ, ಕಡಲೆಬೀಜ ಮುಳುಗುತ್ತದೋ ಕ್ರ್ಯಾನ್‌ಬೆರಿ ಮುಳುಗುತ್ತದೋ ಎಂದು ನೋಡಿದರು. ಅಜ್ಜಿ ತೇಲಿದ ಒಂದು ಹಣ್ಣನ್ನು ಅಡ್ಡ ಕೊಯ್ದು ಒಳಗಿನ ಪುಟ್ಟ ಗಾಳಿಯ ಕೋಣೆಗಳನ್ನು ತೋರಿಸಿದರು. ಕೊನೆಗೆ ಕಟ್ಟಡದ ಮರದ ಮೆಟ್ಟಿಲುಗಳಿಗೆ ಎಲ್ಲರೂ ಸಾಲಾಗಿ ಹೋದರು. ಹಣ್ಣು ಪುಟಿಸುವ ಟಪ ಟಪ ಸದ್ದು, ಕೇಕೆ. ಧಾರವಾಡದ ಹುಡುಗಿ ಎಲ್ಲದಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿ ಲಂಗ ಹರಡಿ ಕೂತು ಬಂದ ಹಣ್ಣುಗಳನ್ನೆಲ್ಲ ಮಡಿಲಿಗೆ ಹಿಡಿಯುತ್ತಿದ್ದಳು. "ಇದು ಚಲೋದು! ಇದೂ ಚಲೋದು!" ಎಂದು ಕೂಗುತ್ತಿದ್ದಳು. ನನ್ನ ಮಗ ಮೇಲಿನಿಂದ, "ಚಲೋದು! ಚಲೋದು!" ಎಂದು ಅವಳ ಹಾಗೇ ಕೂಗಿದ. ಅವನು ಆಟದ ನಡುವೆ ಕನ್ನಡ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೊತ್ತು ಇಳಿಯುತ್ತ ಬಂತು. ಕಿಟಕಿಯಾಚೆ ಹಿಮಕ್ಕೆ ಗುಲಾಬಿ ಬಣ್ಣ ಹತ್ತಿತು. ಸೋಫಾದ ಮುಂದೆ ಮಣೆ ಇಟ್ಟೆ. ತಾಯಂದಿರು ಒಬ್ಬೊಬ್ಬರೇ ತಮ್ಮ ಮಕ್ಕಳಿಗೆ ಎರೆದರು. ಸೇರಿನಿಂದ ಕೆಂಪು ಹಣ್ಣು, ಕಬ್ಬಿನ ಚೂರು, ಹೊಳೆಯುವ ಪೆನ್ನಿಗಳು ಜಾರಿ ಬೀಳುವಾಗ ಮಕ್ಕಳು ಕತ್ತು ಕುಗ್ಗಿಸಿ ನಗುತ್ತಿದ್ದವು. ಹಣ್ಣು ಇನ್ನೂ ತಣ್ಣಗಿದ್ದವು. ನನ್ನ ಮಗ, "ಇಟ್ಸ್ ಕೋಲ್ಡ್!" ಎಂದು ಕಿರುಚಿ, ಇನ್ನೊಮ್ಮೆ ಎರೆ ಎಂದ.

ಹುಡುಗಿಯ ಸರದಿ ಬರುವ ಹೊತ್ತಿಗೆ ಸರಿಯಾಗಿ ಗೆಳತಿ ಬಂದಳು. ಬಿಳಿ ಕೋಟಿನ ಮೇಲೆಯೇ ಓವರ್‌ಕೋಟು ಹಾಕಿಕೊಂಡಿದ್ದಳು. ಹುಬ್ಬಿನ ಮೇಲೆ ಹಿಮದ ಹುಡಿ. ಬೂಟು, ಓವರ್‌ಕೋಟು ಬಿಚ್ಚಿ, ಕೈ ಉಜ್ಜಿಕೊಂಡು ಒಳಗೆ ಬಂದು ಸೇರು ತೆಗೆದುಕೊಂಡಳು. "ಬಾ ಪುಟ್ಟಿ, ಕೂಡು," ಎಂದಳು.

ಹುಡುಗಿ ಮಣೆಯ ಹತ್ತಿರ ಬಂದು ನಿಂತಳು. ಕೂರಲಿಲ್ಲ. "ಒಲ್ರಿ, ಆಂಟಿ," ಎಂದಳು. "ಎಲ್ಲಾರಿಗೂ ಅವರವ್ವ ಹಾಕ್ಯಾಳ. ನಮ್ಮವ್ವ ಊರಾಗ ಅದಾಳ."

ಅಜ್ಜಿಗೆ ಭಾಷೆ ತಿಳಿಯದಿದ್ದರೂ ಏನೋ ಆಗಿದೆಯೆಂದು ತಿಳಿದು, ಪಕ್ಕದ ಮಗುವಿನ ಕೈ ಹಿಡಿದುಕೊಂಡರು. ನಾನು ಮಧ್ಯೆ ಹೋಗಬೇಕೆಂದು ಒಂದು ಹೆಜ್ಜೆ ಇಟ್ಟವಳು ನಿಂತೆ. ಗೆಳತಿ ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಸೇರನ್ನು ಮಗಳ ಕೈಗೆ ಕೊಟ್ಟು, ತಾನೇ ಮಣೆಯ ಮೇಲೆ ಕೂತಳು. ಬಿಳಿ ಕೋಟಿನಲ್ಲಿ, ಮಂಡಿ ಮೇಲೆತ್ತಿಕೊಂಡು, ಮಕ್ಕಳು ಕೂತ ಹಾಗೇ.

"ನಮ್ಮವ್ವನೂ ಊರಾಗ ಅದಾಳವ್ವ," ಎಂದಳು. "ನನಗೂ ಇಲ್ಲೆ ಯಾರೂ ಎರಿಯವರಿಲ್ಲ. ನೀನ ಎರಿ."

ಹುಡುಗಿ ಅವಳನ್ನೇ ನೋಡಿದಳು. ಇಬ್ಬರ ಅವ್ವನೂ ಒಬ್ಬಳೇ ಎಂಬುದು ಅವಳ ತಲೆಗೆ ಅದೇ ಆಗ ಹೊಳೆಯಿತೋ ಏನೋ, ನನಗೆ ಗೊತ್ತಿಲ್ಲ. ಎರಡು ಕೈಯಲ್ಲಿ ಸೇರು ಎತ್ತಿ, ತುದಿಗಾಲಲ್ಲಿ ನಿಂತು ಮೆಲ್ಲಗೆ ಬಗ್ಗಿಸಿದಳು. ಒಂದು ಹಣ್ಣು ಬಿತ್ತು, ಆಮೇಲೆ ನಾಲ್ಕು, ಆಮೇಲೆ ಸುರಿಮಳೆ. ಗೆಳತಿಯ ತುರುಬಿನಲ್ಲಿ ಕೆಂಪು ಹಣ್ಣುಗಳು ಸಿಕ್ಕಿಕೊಂಡವು, ಕೋಟಿನ ಕಾಲರಿನೊಳಗೆ ಇಳಿದವು. ತಣ್ಣಗಾಗಿ ಅವಳು ಮೈ ಕೊಡವಿದಳು.

"ಅಲುಗಾಡಬ್ಯಾಡ!" ಎಂದು ಹುಡುಗಿ ಗದರಿದಳು. "ಸುಮ್ನ ಕೂಡು. ಇನ್ನೂ ಐತಿ."

ಗೆಳತಿ ತಲೆ ಎತ್ತಿ ನನ್ನನ್ನು ನೋಡಿದಳು. ಹಣ್ಣಿನ ನಡುವೆ ಅವಳ ಕಣ್ಣು ತುಂಬಿದ್ದವು, ಬಾಯಿ ನಗುತ್ತಿತ್ತು. 'ಕೂಡು' ಅಂದಿದ್ದಳು ಹುಡುಗಿ, 'ಕೂಡ್ರಿ' ಅಲ್ಲ.

ಅವತ್ತು ಹುಡುಗಿ ಸೇರು ತುಂಬಿ ತುಂಬಿ ತಾಯಿಗೆ ಎರೆದಳು. ಉಳಿದ ಮಕ್ಕಳಿಗೂ ಹುಮ್ಮಸ್ಸು ಬಂದು ಎಲ್ಲ ಅಮ್ಮಂದಿರಿಗೂ, ಕೊನೆಗೆ ಕೆಳಗಿನ ಮನೆಯ ಅಜ್ಜಿಗೂ ಎರೆದವು. ಅಜ್ಜಿ ಮಣೆಯ ಮೇಲೆ ಕೂರಲಾಗದೆ ಕುರ್ಚಿಯಲ್ಲೇ ಕೂತು ಕಣ್ಣು ಮುಚ್ಚಿದರು. ಬಿಳಿ ಕೂದಲಿನ ಮೇಲೆ ಕೆಂಪು ಹಣ್ಣು ಉರುಳಿದಾಗ, "ನಮ್ಮಪ್ಪ ನೋಡಬೇಕಿತ್ತು," ಎಂದರು. ಎಲ್ಲರೂ ಹೋದಮೇಲೆ ನಾನು ಮಂಡಿಯೂರಿ ಸೋಫಾದ ಕೆಳಗಿನಿಂದ ಹಣ್ಣು ಆಯುತ್ತ ಕುಳಿತೆ. ಮೈ ದಣಿದಿತ್ತು, ಮನಸ್ಸು ಎಲ್ಲೋ ತೇಲುತ್ತಿತ್ತು. ಮಗ ಎಳ್ಳಿನ ಚೀಲ ಹಿಡಿದುಕೊಂಡೇ ನಿದ್ದೆ ಹೋಗಿದ್ದ.

ಆಮೇಲೆಯೂ ಪಾರ್ಟಿಗಳು ನಡೆದವು. ಯುಗಾದಿಗೆ ಬೇವಿಲ್ಲದೆ ಏನೇನೋ ಎಲೆ ಕಚ್ಚಿ ಮುಖ ಕಿವುಚಿಕೊಂಡದ್ದು, ಚೌತಿಗೆ ಹಳ್ಳದ ಮಣ್ಣು ತಂದು ಗಣಪತಿ ಮಾಡಿದ್ದು ಎಲ್ಲ ಒಂದರೊಳಗೊಂದು ಬೆರೆತುಹೋಗಿ, ಈಗ ಯಾವುದು ಯಾವ ವರ್ಷದ್ದೆಂದು ಹೇಳಲಾರೆ. ಹುಡುಗಿ ತಾಯಿಗೆ 'ಆಂಟಿ' ಅನ್ನುವುದನ್ನು ಬಿಟ್ಟಳು. ಆದರೆ ಬಹಳ ದಿನ ಏನೂ ಅನ್ನಲಿಲ್ಲ. ಹತ್ತಿರ ಹೋಗಿ ಸೆರಗು ಜಗ್ಗುತ್ತಿದ್ದಳು, ಅಷ್ಟೇ.

ಬೇಸಿಗೆ ಶುರುವಾದಾಗ ಒಂದು ಮಧ್ಯಾಹ್ನ ನಾನೂ ಗೆಳತಿಯೂ ಕಟ್ಟಡದ ಲಾಂಡ್ರಿ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆವು. ಹೊರಗೆ ಹುಲ್ಲಿನ ಮೇಲೆ ನನ್ನ ಮಗನೂ ಅವಳ ಮಗಳೂ ನೀರಿನ ಪೈಪು ಹಿಡಿದು ಆಡುತ್ತಿದ್ದರು. ಹುಡುಗಿ ಒದ್ದೆ ಮೈಯಲ್ಲಿ ಬಾಗಿಲಿಗೆ ಓಡಿಬಂದು ಕೂಗಿದಳು: "ಮಮ್ಮೀ! ಟವೆಲ್ ಕೊಡು!"

ಗೆಳತಿ ಕೈಯಲ್ಲಿದ್ದ ಟವೆಲನ್ನು ಎಸೆದಳು. ಹುಡುಗಿ ಹಿಡಿದುಕೊಂಡು ಓಡಿದಳು.

"ನಿಮ್ಮ ಮಗನ ಕಡೆಯಿಂದ ಕಲತಾಳ," ಎಂದಳು ಗೆಳತಿ. "ಅವ್ವ ಅನ್ನಲಿಲ್ಲ ನೋಡ್ರಿ, ಅಕ್ಕಾರ."

"ಬೇಜಾರಾಯ್ತಾ?" ಎಂದೆ.

ಅವಳು ಡ್ರೈಯರಿನಿಂದ ಇನ್ನೊಂದು ಬಿಸಿ ಟವೆಲು ತೆಗೆದು ಎದೆಗೆ ಒತ್ತಿಕೊಂಡಳು.

"ಇಲ್ರಿ," ಎಂದಳು. "ನಮ್ಮವ್ವನ ಜಾಗಾ ನಮ್ಮವ್ವಗ ಇರಲಿ."